ಚಂದ್ರಶೇಖರ್ ಮತ್ತು ಮಾಮೂ ಲೆಡ್ಜರ್

ಬೌಲರ್ ಅಂದರೆ ನಮ್ಮ ಕ್ಲಾಸಿನವರು ಬುಮ್ರಾ, ಸಿರಾಜ್ ಎನ್ನುತ್ತಾರೆ. ಬಿ.ಎಸ್. ಚಂದ್ರಶೇಖರ್ ಅಂದರೆ ಯಾರು ಅಂತ ನನ್ನನ್ನೇ ಕೇಳುತ್ತಾರೆ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಪೋಲಿಯೊ ಬಂದು ಬಲಗೈ ಸಣಕಲಾಯಿತು. ಆದರೆ ಅವರು ಬೌಲಿಂಗ್ ಮಾಡಿದ್ದು ಅದೇ ಕೈಯಲ್ಲಿ! ಫೀಲ್ಡಿಂಗ್ ಮಾಡುವಾಗ ಎಡಗೈಯಲ್ಲಿ ಎಸೆಯುತ್ತಿದ್ದರು. ಲೆಗ್ ಸ್ಪಿನ್ನರ್ ಆದರೂ ಚೆಂಡು ಎಷ್ಟು ಜೋರಾಗಿ ಬರುತ್ತಿತ್ತೆಂದರೆ ಬ್ಯಾಟ್ಸ್‌ಮನ್‌ಗೆ ಯೋಚಿಸಲು ಸಮಯವೇ ಸಿಗುತ್ತಿರಲಿಲ್ಲ.

1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ ಕೊಟ್ಟು 6 ವಿಕೆಟ್ ತೆಗೆದರು. ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು, ಮೊದಲ ಸರಣಿಯೂ ಅದೇ. ಅಭಿಮಾನಿಗಳು ಝೂನಿಂದ ಬೆಲ್ಲಾ ಎಂಬ ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರಂತೆ. ಆಮೇಲೆ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ ಆರಾರು ವಿಕೆಟ್. 58 ಟೆಸ್ಟ್‌ಗಳಲ್ಲಿ ಒಟ್ಟು 242 ವಿಕೆಟ್, ಬ್ಯಾಟಿಂಗ್‌ನಲ್ಲಿ 167 ರನ್. ರನ್ನಿಗಿಂತ ವಿಕೆಟ್ಟೇ ಜಾಸ್ತಿ! ಆ ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಸಲ ಸೊನ್ನೆಗೆ ಔಟಾದದ್ದಕ್ಕೆ ಬ್ಯಾಟ್ ಕಂಪನಿಯವರು ನಡುವೆ ತೂತಿರುವ ಬ್ಯಾಟನ್ನು ಉಡುಗೊರೆ ಕೊಟ್ಟರು. ಕ್ರಿಕೆಟ್ ವಸ್ತುಗಳಲ್ಲಿ ನನಗೆ ನೋಡಬೇಕೆಂಬ ಆಸೆ ಇರುವುದು ಅದೊಂದನ್ನೇ.

ಇದೆಲ್ಲ ನನಗೆ ಗೊತ್ತಾದದ್ದು ಅಮ್ಮಿಯ ದೊಡ್ಡ ಅಣ್ಣನ ಲೆಡ್ಜರ್‌ನಿಂದ. ಮಾಮೂಗೂ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗೈ ಸಣ್ಣದು. ನಾನಾ ಶಿಡ್ಲಘಟ್ಟದಲ್ಲಿ ರೇಷ್ಮೆ ಫಿಲೇಚರ್ ನಡೆಸುತ್ತಿದ್ದರು. ಅಲ್ಲಿನ ಹಳೇ ಲೆಕ್ಕದ ಪುಸ್ತಕದ ಮೇಲೆ ಹನ್ನೊಂದು ವರ್ಷದ ಮಾಮೂ ಪೇಪರಿನ ಚಿತ್ರಗಳನ್ನು ಮೈದಾ ಅಂಟಿನಿಂದ ಅಂಟಿಸಲು ಶುರು ಮಾಡಿದರು. ಪ್ರಜಾವಾಣಿ, ಸಾಲಾರ್, ಯಾವುದು ಸಿಕ್ಕರೆ ಅದು. ಚಿತ್ರದ ಅಂಚಿನಲ್ಲಿ ಇನ್ನೂ ಗೂಡಿನ ತೂಕ, ದರ ಕಾಣುತ್ತದೆ. ಮಾಮೂ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಹಾಕಿಕೊಂಡೇ ಇರುತ್ತಾರೆ. ನಾಚಿಕೆಯಿಂದ ಅಂತ ಮನೆಯವರೆಲ್ಲ ತಿಳಿದಿದ್ದರು. ಚಂದ್ರಶೇಖರ್ ಹಾಗೇ ಬೌಲಿಂಗ್ ಮಾಡುತ್ತಿದ್ದರು, ಅದಕ್ಕೇ ಅಂತ ಮಾಮೂ ನನಗೆ ಈ ವರ್ಷ ಹೇಳಿದರು.

ನಮ್ಮ ಮುರುಗಮಲ್ಲದ ಉರುಸಿಗೆ ಹಳೇ ನಾಣ್ಯ, 786 ನಂಬರಿನ ನೋಟು ಕೊಳ್ಳುವ ಒಬ್ಬರು ಬಂದಿದ್ದರು. ಲೆಡ್ಜರ್ ನೋಡಿ ಎರಡು ಸಾವಿರ ಕೊಡುತ್ತೇನೆ ಅಂದರು, ಅದೂ ಓವಲ್ ಹಾಳೆಗಳಿಗೆ ಮಾತ್ರ. ಉಳಿದದ್ದು ಬೇಡವಂತೆ. ಮಾಮೂ ಕಿರಿಯ ಮಗಳ ನರ್ಸಿಂಗ್ ಫೀಸು ಬಾಕಿ ಇದೆ. "ನೀನು ಅಕೌಂಟೆನ್ಸಿ ಓದ್ತೀಯಲ್ಲ ಬೇಟಿ, ಲೆಕ್ಕ ಹೇಳು" ಅಂದರು.

ನಾನು ಓದಿದ ಪ್ರಕಾರ ಆಸ್ತಿಯನ್ನು ಕೊಂಡ ಬೆಲೆಗೆ ಬರೆಯಬೇಕು, ವರ್ಷ ವರ್ಷ ಸವಕಳಿ ಕಳೆಯಬೇಕು. ಇಲ್ಲಿ ಕೊಂಡ ಬೆಲೆ ಒಂದು ಹಿಡಿ ಮೈದಾ. ಅಮೆರಿಕದಲ್ಲಿ ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಚಿತ್ರದ ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದು ಕಂಪನಿ ಅಚ್ಚು ಹಾಕಿದ ಕಾರ್ಡು, ಹೊಸದರಂತೆ ಉಳಿದಿತ್ತು. ಅಂಟು ಹತ್ತಿದ ಪೇಪರ್ ತುಂಡಿಗೆ ಆ ಮಾರುಕಟ್ಟೆ ಇಲ್ಲ. ಎರಡು ಸಾವಿರ ಮೋಸದ ಬೆಲೆಯೇನಲ್ಲ, ಅದನ್ನೂ ಮಾಮೂಗೆ ಹೇಳಿದೆ. ಆದರೆ ಹಾಳೆ ಹರಿದರೆ ಹಿಂದುಗಡೆ ಅಂಟಿಸಿರುವ ಪ್ರಸನ್ನ, ವಿಶ್ವನಾಥ್ ಚಿತ್ರಗಳೂ ಹೋಗುತ್ತವೆ. ಆಮೇಲೆ ಉಳಿಯುವುದು ರದ್ದಿ. ಕೊಡುವುದಾದರೆ ಪೂರ್ತಿ ಕೊಡಿ, ಇಲ್ಲದಿದ್ದರೆ ಬೇಡ ಅಂದೆ.

ಮಾಮೂ ಏನೂ ಹೇಳಲಿಲ್ಲ. ಬಂದವರ ಫೋನ್ ನಂಬರನ್ನು ಲೆಡ್ಜರಿನ ಕೊನೆ ಹಾಳೆಯಲ್ಲಿ ಎಡಗೈಯಿಂದ ಬರೆದುಕೊಂಡರು. ಅವತ್ತು ರಾತ್ರಿಯೇ ನಾನು ಎಲ್ಲ ಹಾಳೆಗಳ ಫೋಟೊ ತೆಗೆದಿಟ್ಟೆ. ಫೀಸು ಕಟ್ಟಲು ಹತ್ತನೇ ತಾರೀಕು ಕೊನೆ.