ಕಡತವೂ ಕರಿಹಲಗೆಯೂ

ಅವ್ವನ ನಿವೃತ್ತಿವೇತನದ ಕಾಗದಗಳು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಿ ಎಲ್ಲಿ ವಿಶ್ರಾಂತಿ ಪಡೆಯುತ್ತಿವೆಯೆಂಬುದನ್ನು ಅರಿಯುವ ಸಲುವಾಗಿ ನಾನು ಒಂದು ಕಚೇರಿಗೆ ಐದು ಬಾರಿ ಅಲೆದು, ಆರನೆಯ ಬಾರಿ "ಕಡತ ಸಿಗ್ತಿಲ್ಲ, ಹುಡುಕ್ತಾ ಇದೀವಿ" ಎಂಬ ಉತ್ತರವನ್ನು ಸಂಪಾದಿಸಿಕೊಂಡು, ಚಿತ್ರದುರ್ಗದ ಉರಿಬಿಸಿಲಿನಲ್ಲಿ ಮನೆಗೆ ಮರಳಿ ಅದನ್ನು ಯಥಾವತ್ತಾಗಿ ನಿವೇದಿಸಿದಾಗ, ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತದೆಯೇ, "ಕಡತ ಅಂದಮೇಲೆ ಅಳಿಸಿರ್ತಾರೆ ಬಿಡಪ್ಪ. ನಮ್ಮಜ್ಜನ ಅಂಗಡಿ ಕಡತಾನ ವರ್ಷಕ್ಕೊಂದ್ಸಲ ಅಳಿಸ್ತಿದ್ರು" ಎಂದಳು.

ನಾನು ನಕ್ಕೆ, ಅವ್ವ ಮಾತ್ರ ನಗಲಿಲ್ಲ. ಈಗ ಲಾಡಿ ಬಿಗಿದುಕೊಂಡು ಕಪಾಟಿನಲ್ಲಿ ಧೂಳು ಸೇವಿಸುತ್ತ ಕುಳಿತಿರುವ ಕಾಗದದ ಕಟ್ಟಿಗೆ ನಾವು ಕೊಟ್ಟಿರುವ ಈ ಹೆಸರು ಒಂದು ಕಾಲಕ್ಕೆ ಬಟ್ಟೆಯ ಪುಸ್ತಕವೊಂದರ ಹೆಸರಾಗಿದ್ದಿತು. ಹತ್ತಿಬಟ್ಟೆಯ ಪಟ್ಟಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ಕುತೂಹಲದಿಂದ ವರ್ಣಿಸಿ, ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ ಎಂದು ಅಳತೆಯನ್ನೂ ಕೊಟ್ಟಿದ್ದಾನೆ. ಶೃಂಗೇರಿ ಮಠದ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿಯೇ ಉಳಿದು ಬಂದು ಇತಿಹಾಸಕಾರರಿಗೆ ಆಕರವಾಗಿವೆ. ವರ್ತಕರಾದರೋ ಬೇಕಾದಷ್ಟು ಕಾಲ ಬರೆಹವನ್ನು ಇಟ್ಟುಕೊಂಡು, ಬೇಡವಾದಾಗ ಅಳಿಸಿ, ಮತ್ತೆ ಬರೆಯುತ್ತಿದ್ದರು. ಬರೆಯುವ ಬಳಪವೂ ಸಾಮಾನ್ಯ ವಸ್ತುವಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಡುಸಾಗುವ ಬಳಪದ ಕಲ್ಲಿನಲ್ಲಿಯೇ ಹೊಯ್ಸಳರ ಶಿಲ್ಪಿಗಳು ಕಡೆದರಾದುದರಿಂದ, ಬೇಲೂರಿನ ಮದನಿಕೆಯ ಕಂಠಾಭರಣವೂ ಒಂದನೆಯ ತರಗತಿಯ ಹುಡುಗನ ಅ ಆ ಇ ಈಗಳೂ ಒಂದೇ ಕಲ್ಲಿನ ಸಂತಾನವೆನ್ನಬೇಕು. ಒಂದು ಸುಮಾರು ಒಂಬೈನೂರು ವರ್ಷ ಬಾಳಿದೆ. ಇನ್ನೊಂದು ಎಂಜಲು ತಾಗುವವರೆಗೆ.

ಅವ್ವ 1966ರಲ್ಲಿ ಮೊಟ್ಟಮೊದಲು ಉಪಾಧ್ಯಾಯಿನಿಯಾಗಿ ಹೋದುದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ. ಏಕೋಪಾಧ್ಯಾಯ ಶಾಲೆ, ಕಟ್ಟಡವೆಂದರೆ ಊರ ಚಾವಡಿ, ಉಪಕರಣವೆಂದರೆ ಒಂದು ಕರಿಹಲಗೆ, ಅದೂ ಹೆಸರಿಗೆ ಮಾತ್ರ ಕರಿದು, ಬಣ್ಣ ಸುಲಿದು ಮುದಿ ಎತ್ತಿನ ಮೈಯಂತೆ ಬಿಳಿಚಿಕೊಂಡಿದ್ದಿತು. ಆಕೆ ಕಮ್ಮಾರನ ಕುಲುಮೆಯಿಂದ ಇದ್ದಿಲನ್ನೂ ಹಿತ್ತಿಲ ಬೇಲಿಯಿಂದ ತೊಂಡೆಸೊಪ್ಪನ್ನೂ ತರಿಸಿ, ಎರಡನ್ನೂ ಅರೆದು ಹಲಗೆಗೆ ತಿಕ್ಕುತ್ತ ಮೊಳಕೈವರೆಗೆ ಮಸಿಯಾಗಿ ಕುಳಿತುದನ್ನು ಕಂಡ ಅಜ್ಜಿಯೊಬ್ಬಳು, "ಓದ್ಸಾಕೆ ಬಂದೀಯೇನವ್ವಾ, ಗ್ವಾಡೆ ಬಳ್ಯಾಕೆ ಬಂದೀಯಾ?" ಎಂದು ಕೇಳಿದಳಂತೆ. ಅಜ್ಜನ ಕಡತಕ್ಕೆ ಬಳಿದ ಇದ್ದಿಲೇ ಮೊಮ್ಮಗಳ ಹಲಗೆಗೂ ಒದಗಿತೆಂಬುದು ನನಗೆ ಹೊಳೆದುದು ಬಹುಕಾಲದ ಮೇಲೆ; ಅವ್ವನಿಗೆ ಹೇಳಿದಾಗ, "ಇದ್ಲು ಬಿಟ್ರೆ ಇನ್ನೇನಿತ್ತೋ ಆಗ?" ಎಂದು ನನ್ನ ಸಂಶೋಧನೆಯನ್ನು ಮುಗಿಸಿಬಿಟ್ಟಳು.

ನನಗೆ ಬುದ್ಧಿ ತಿಳಿಯುವ ವೇಳೆಗೆ ನಾವು ಹೊಳಲ್ಕೆರೆ ತಾಲ್ಲೂಕಿನಲ್ಲಿದ್ದೆವು, ತಂದೆ ತೀರಿಕೊಂಡಿದ್ದರು. ಸುತ್ತ ಅಡಿಕೆತೋಟ, ಬೆಳಗಿನ ನಿಶ್ಶಬ್ದದಲ್ಲಿ ಚಿಕ್ಕಜಾಜೂರಿನ ಕಡೆಯ ರೈಲಿನ ಕೂಗು. ಇಲ್ಲಿಯೂ ನಾಲ್ಕು ತರಗತಿಗಳಿಗೆ ಅವ್ವನೊಬ್ಬಳೇ. ಹಲಗೆಗೆ ಮೂರು ಉದ್ದಗೆರೆ ಎಳೆದು ನಾಲ್ಕು ಪಾಲು ಮಾಡಿ, ಒಂದನೆಯವರಿಗೆ ಅಕ್ಷರ, ಎರಡನೆಯವರಿಗೆ ಮಗ್ಗಿ, ಮೂರನೆಯವರಿಗೆ ಭಾಗಾಕಾರ, ನಾಲ್ಕನೆಯವರಿಗೆ ನದಿಗಳ ಹೆಸರು ಎಂದು ಹಂಚುತ್ತಿದ್ದಳು. ಬಲಮೂಲೆಯಲ್ಲಿ ವಾರ, ತಾರೀಖು. ಸೀಮೆಯಿಂದ ಬಂದ ಎಣ್ಣೆಯಂತೆ ಸುಣ್ಣವೂ ಸೀಮೆಸುಣ್ಣವಾಗಿದ್ದ ಆ ದಿನಗಳಲ್ಲಿ ಅದರ ಬೆರಳುಗುರಿನಷ್ಟು ಚೂರನ್ನೂ ಆಕೆ ಬಿಸಾಡಿದವಳಲ್ಲ. ಎರಡನೆಯ ತರಗತಿಯ ಪಾಲಿನಲ್ಲಿ ಒಮ್ಮೆ ನಾನು ಏಳರ ಮಗ್ಗಿಯನ್ನು ತಪ್ಪಿಲ್ಲದೆ ಬರೆದು, ಅದನ್ನು ಊರಿನವರೆಲ್ಲ ನೋಡಲೆಂಬ ಆಸೆಯಿಂದ "ಅಳಿಸಬ್ಯಾಡ ಅವ್ವಾ" ಎಂದು ಕೂಗಿ, ಶಾಲೆಯಲ್ಲಿ "ಟೀಚರ್" ಎಂದೇ ಕರೆಯಬೇಕೆಂಬ ಕಟ್ಟಳೆಯನ್ನು ಮುರಿದುದಕ್ಕಾಗಿ ಇಡೀ ಚಾವಡಿಯ ನಗೆಗೆ ಗುರಿಯಾದೆ. ಅವ್ವ ಒದ್ದೆಬಟ್ಟೆಯಿಂದ ಮಗ್ಗಿಯನ್ನು ಒರೆಸುತ್ತಲೇ, "ನಾಳಿನ ಲೆಕ್ಕ ನಿನ್ನ ತಲೆ ಮೇಲೆ ಬರೀಲಾ?" ಎಂದಳು. ಆ ರಾತ್ರಿ ಅಡುಗೆಮನೆಯ ಬಾಗಿಲ ಹಿಂಬದಿಗೆ ಇದ್ದಿಲು ಬಳಿದು, ಬುಡ್ಡಿದೀಪ ಹಿಡಿದು ನಿಂತು, ಮಗ್ಗಿಯನ್ನು ಮತ್ತೆ ಬರೆಯಿಸಿದಳು. ಬಾಗಿಲು ಮುಚ್ಚಿದಾಗ ಮಾತ್ರ ಕಾಣುವ ಆ ಬರೆಹ ಊರಿನವರಿಗೆಲ್ಲಿ ಕಂಡೀತು! ಆದರೆ ನಾವು ಆ ಮನೆ ಬಿಡುವವರೆಗೂ ಅದನ್ನು ಆಕೆ ಅಳಿಸಲಿಲ್ಲ.

ಮುಂದಿನ ವರ್ಗಾವಣೆ ಹಿರಿಯೂರು ಸೀಮೆಗೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿದ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಪಾಠ ಅವ್ವನ ಅಚ್ಚುಮೆಚ್ಚಿನದು. ಪಠ್ಯಪುಸ್ತಕ ಕಟ್ಟೆಯ ಎತ್ತರವನ್ನು ಹೇಳಿ ಸುಮ್ಮನಾದರೆ, ಆಕೆ ಮಾತ್ರ, ಪತಿಯನ್ನು ಕಳೆದುಕೊಂಡು, ಹತ್ತು ವರ್ಷದ ಮಗನ ಪರವಾಗಿ 1895ರಿಂದ ರಾಜ್ಯಭಾರ ಹೊತ್ತು, ಈ ಕಟ್ಟೆಯ ಕೆಲಸವನ್ನು ಆರಂಭಿಸಿ, 1902ರಲ್ಲಿ ಮಗನಿಗೆ ಹದಿನೆಂಟು ತುಂಬಿದೊಡನೆ ಅಧಿಕಾರವನ್ನು ಅವನ ಕೈಗಿತ್ತು ಹಿಂದೆ ಸರಿದ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಥೆಯನ್ನು ಅರ್ಧ ಗಂಟೆ ಹೇಳುತ್ತಿದ್ದಳು. ಆ ದಿನ ಭಾಗಾಕಾರಕ್ಕೆ ರಜೆ. ನಾಲ್ಕನೆಯ ತರಗತಿಯಲ್ಲಿದ್ದ ನನಗೆ ಭಾಗಾಕಾರ ತಪ್ಪಿದ ಸಂತೋಷವಲ್ಲದೆ ಬೇರೇನೂ ತೋರುತ್ತಿರಲಿಲ್ಲ.

1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಬಂದಿತು. ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಉಪಾಧ್ಯಾಯರು, ಅವರಲ್ಲಿ ಸಾಧ್ಯವಾದಷ್ಟೂ ಒಬ್ಬರು ಮಹಿಳೆಯಿರಬೇಕೆಂಬ ಯೋಜನೆಯದು. ಪತ್ರಿಕೆಯಲ್ಲಿ ಅದನ್ನು ಓದಿ ಹೇಳಿದಾಗ ಅವ್ವ, "ಇಪ್ಪತ್ತೊಂದು ವರ್ಷದಿಂದ ಆ ಇಬ್ರೂ ನಾನೇ ಆಗಿದ್ದೆ" ಎಂದು, ಮರುದಿನ ಎಂದಿನಂತೆ ಮೂರು ಗೆರೆ ಎಳೆಯಲು ಹೊರಟಳು.

ಕಡತ ಕಡೆಗೂ ಸಿಕ್ಕಿತು. ಮೊದಲ ಶಾಲೆಯಲ್ಲಿ ಹಾಜರಾದ ದಿನಾಂಕವಿದ್ದ ಪುಟ ಮಾತ್ರ ಗೆದ್ದಲಿಗೆ ಆಹಾರವಾಗಿದ್ದುದರಿಂದ, ಅವ್ವನೇ ಬರಬೇಕೆಂದರು. ಕರೆದುಕೊಂಡು ಹೋದೆ. ಗುಮಾಸ್ತರು ಪ್ರಶ್ನೆ ಮುಗಿಸುವ ಮೊದಲೇ, "1966, ಜೂನ್ 15, ಬುಧವಾರ" ಎಂದಳು.

"ಅಷ್ಟು ಖಚಿತವಾಗಿ ಹೆಂಗೆ ಹೇಳ್ತೀರಮ್ಮಾ? ಬರವಣಿಗೇಲಿ ಏನಾದ್ರೂ ಆಧಾರ ಐತಾ?"

"ಐತಲ್ಲ, ಹಲಗೆ ಬಲಮೂಲೇಲಿ ನಾನೇ ಬರೆದಿದ್ದೆ."

ಗುಮಾಸ್ತರು ಲೇಖನಿಯನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿ, ಮತ್ತೆ ಆಕೆಯ ಕಡೆ ತಿರುಗಿ, "ಆ ಹಲಗೆ ಈಗ ಎಲ್ಲೈತಮ್ಮಾ?" ಎಂದರು.

"ಹಲಗೆ ಗೊತ್ತಿಲ್ಲಪ್ಪ. ತಾರೀಖು ಸಾಯಂಕಾಲ ಅಳಿಸ್ದೆ."