ಗುಜರಿಗೆ ಹೋದ ಖುರ್ಚಿ, ಹರಾಜಿನಲ್ಲಿ ಲಕ್ಷ

ಪಿಯರ್ ಜೀನರೆ ಎಂಬ ಹೆಸರನ್ನು ನಮ್ಮ ದೊಡವಾಡದ ಕಡೆ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಅವರು ರೂಪಿಸಿದ ಖುರ್ಚಿಯ ಫೋಟೊ ತೋರಿಸಿದರೆ ಮಾತ್ರ, "ಇದರಾಗ ಏನ ಐತ್ರೀ, ನಮ್ಮ ಬಡಿಗೇರ ಮಾಡ್ತಾನಲ್ಲ" ಅನ್ನಬಹುದು. ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ, ಕೈವಾರ ಅಗಲಿಸಿ ನಿಲ್ಲಿಸಿದಂಥ ಕಾಲುಗಳು. ಅಷ್ಟೇ.

ದೇಶ ಇಬ್ಭಾಗವಾದಾಗ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ನಮ್ಮ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಹಾಗೆ ಹುಟ್ಟಿದ್ದು ಚಂಡೀಗಡ. ಅದನ್ನು ಕಟ್ಟಲು ಲಿ ಕಾರ್ಬೂಸಿಯೆ ಜೊತೆ ಅವರ ಸೋದರಸಂಬಂಧಿ, ಸ್ವಿಟ್ಜರ್‌ಲ್ಯಾಂಡಿನ ಜೀನರೆ 1951ರಲ್ಲಿ ಬಂದರು. ಕಾರ್ಬೂಸಿಯೆ ಬಂದು ಹೋಗಿ ಮಾಡುತ್ತಿದ್ದರು. ಜೀನರೆ 1965ರವರೆಗೆ ಅಲ್ಲೇ ಉಳಿದರು. ಕಚೇರಿ, ಕೋರ್ಟು, ವಿಶ್ವವಿದ್ಯಾಲಯ ಎಲ್ಲ ಹೊಸವು. ಕೂರಲು ಸಾವಿರಾರು ಖುರ್ಚಿ ಬೇಕು. ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳೂ ಅವರ ಜೊತೆ ಕೆಲಸ ಮಾಡಿದರು. ಇಲ್ಲಿಯ ಕಟ್ಟಿಗೆಯಿಂದ, ಇಲ್ಲಿಯ ಬಡಿಗೇರರ ಕೈಯಿಂದ ಆಗುವಂಥ ಸರಳ ನಮೂನೆ ತಯಾರಾಯಿತು. ಜೀನರೆ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಚಂಡೀಗಡದ ಸುಖ್ನಾ ಕೆರೆಯಲ್ಲಿ ಬಿಟ್ಟರು.

ಮುಂದೆ ಕಚೇರಿಗಳಿಗೆ ಹೊಸ ಖುರ್ಚಿ ಬಂದವು. ಹಳೆಯವು ಮಾಳಿಗೆ ಮೇಲೆ ಮಳೆಗೆ ನೆನೆದವು, ಗುಜರಿ ಲೆಕ್ಕದಲ್ಲಿ ಮಾರಾಟವಾದವು. ವಿದೇಶಿ ವ್ಯಾಪಾರಿಗಳು ಕೊಂಡು, ತಿದ್ದಿ, ಯುರೋಪು ಅಮೆರಿಕದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಇಂಥ ಸಾಮಾನು ಮಾರಬಾರದು, ಹೊರದೇಶಕ್ಕೆ ಕಳಿಸಬಾರದು ಎಂದು 2011ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಅಷ್ಟರಲ್ಲಿ ಬಹಳಷ್ಟು ಹೋಗಿಯಾಗಿತ್ತು.

ನಮಗೆ ಇದರಲ್ಲಿ ಎರಡು ಮಾತು ಕಾಡುತ್ತವೆ. ಒಂದು, ಹರಾಜಿನಲ್ಲಿ ಜೀನರೆ ಹೆಸರಿಗೆ ಬೆಲೆ ಬಂತು. ಉಳಿ ಹಿಡಿದ ಬಡಿಗೇರರ ಹೆಸರು ಖುರ್ಚಿ ಮೇಲೆ ಇಲ್ಲ. ಎರಡು, ಒಂದು ವಸ್ತುವಿನ ಬೆಲೆ ಅದು ಕೈಬಿಟ್ಟು ಹೋದ ಮೇಲೆ ತಿಳಿಯಿತು.

ನಮ್ಮ ಕೂರಿಗೆ ನೋಡಿರಿ. ಬಟ್ಟಲಿಗೆ ಹಾಕಿದ ಕಾಳು ಸಮನಾಗಿ ಎಲ್ಲ ತಾಳಿಗೂ ಇಳಿಯಬೇಕು, ಸಾಲಿನ ನಡುವಿನ ಅಂತರ ಬೆಳೆಗೆ ತಕ್ಕಂತೆ ಇರಬೇಕು. ಬಡಿಗೇರರು ಇದನ್ನು ಕಾಗದದ ಮೇಲೆ ಬರೆಯದೆ, ಕಣ್ಣಳತೆಯಲ್ಲಿ ಮಾಡಿದರು. ಸುಗ್ಗಿಯಲ್ಲಿ ಆಯದ ಕಾಳು ಒಯ್ದರು. ಡಿಸೈನರ್ ಎಂದು ಅವರನ್ನು ಯಾರೂ ಕರೆಯಲಿಲ್ಲ. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ, ಬಾಗಿಲು ಅಂಗಡಿಯಲ್ಲಿ ರೆಡಿ ಸಿಗುತ್ತವೆ. ಅದನ್ನು ತಪ್ಪೆನ್ನಲಾರೆವು, ರೊಕ್ಕ, ಹೊತ್ತು ಎರಡೂ ಉಳಿಯುತ್ತವೆ.

ಆದರೂ ಹಳೇ ಮನೆ ಬಿಚ್ಚುವಾಗ ತೊಲೆ, ಕಂಬ, ಬಾಗಿಲು, ಕೂರಿಗೆ ಟೆಂಪೊ ಏರುವ ಮೊದಲು ಒಂದು ಫೋಟೊ ತೆಗೆದಿಡಿರಿ. ಓಣಿಯ ಹಿರಿಯ ಬಡಿಗೇರ ಅಜ್ಜನನ್ನು ಕೇಳಿರಿ: ಇದು ಯಾವ ಕಟ್ಟಿಗೆ, ಮೊಳೆ ಇಲ್ಲದೆ ಹೇಗೆ ಕೂಡಿಸಿದರು, ಮಾಡಿದವರು ಯಾರು? ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿರಿ. ಸಾಮಾನು ಮಾರುವುದು ಬಿಡುವುದು ಮನೆಯವರ ಇಷ್ಟ. ಮಾಡಿದವರ ಹೆಸರು ಮಾತ್ರ ಊರಲ್ಲಿ ಉಳಿಯಲಿ.