ಹಿತ್ತಾಳೆಯ ಒಳಗುದಿ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಕೋವಿಯ ತೋಟೆಯ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ತೋಟೆಯ ಕವಚವೂ ನಮ್ಮ ಅಡಿಗೆಮನೆಯ ಕೊಳದಪ್ಪಲೆಯೂ ಒಂದೇ ಕುಲದವು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಹಿತ್ತಾಳೆಯೇ ತೋಟೆಗೆ ವಾಡಿಕೆ. ಒಮ್ಮೆ ಹಾರಿಸಿದ ಕವಚಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ತುಂಬಿ ಮತ್ತೆ ಬಳಸುವ ಪದ್ಧತಿಯೂ ಹಲವು ದೇಶಗಳ ಗುರಿಕಾರರಲ್ಲಿ ಉಂಟು.

ನಮ್ಮ ಮನೆಯಲ್ಲಿ ಕೋವಿಯಿಲ್ಲ. ಸೈನ್ಯದಿಂದ ನಿವೃತ್ತರಾದ ಸೋದರಮಾವನವರು ಕೊಟ್ಟ ಬರಿಯ ಕವಚವೊಂದು ಮಾತ್ರ ಇದೆ. ಅದರ ಕತ್ತಿನಲ್ಲಿ ಕೂದಲೆಳೆಯಂತಹ ಸೀಳು. "ಇದನ್ನು ಯಾರೂ ಬಡಿಯಲಿಲ್ಲ, ಬೀಳಿಸಲೂ ಇಲ್ಲ; ಇದ್ದಲ್ಲಿಯೇ ಬಿರಿಯಿತು, ಮಗು" ಎಂದಿದ್ದರು ಅವರು. ಆ ಮಾತೇ ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು.

ಬ್ರಿಟಿಷರ ಆಳಿಕೆಯಲ್ಲಿ ನಮ್ಮ ದೇಶದ ಸೈನ್ಯಗಳು ಮಳೆಗಾಲದಲ್ಲಿ ತೋಟೆಗಳನ್ನು ಕುದುರೆಲಾಯಗಳಲ್ಲಿ ಇರಿಸುತ್ತಿದ್ದುದುಂಟು. ಮಳೆ ಕಳೆದು ನೋಡಿದರೆ ಎಷ್ಟೋ ಕವಚಗಳು ಬಿರಿದಿರುತ್ತಿದ್ದುವು. ಇದರ ಮರ್ಮವನ್ನು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿವರಿಸಿದರು. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯ ವಾಯುವು ತೇವದೊಡನೆ ಸೇರಿ ಹಿತ್ತಾಳೆಯನ್ನು ಸೀಳುತ್ತದೆ. ಆದರೆ ಎಲ್ಲ ಹಿತ್ತಾಳೆಯೂ ಹೀಗೆ ಸೀಳುವುದಿಲ್ಲ. ತಣ್ಣಗಿರುವಾಗಲೇ ಎಳೆದು, ಒತ್ತಿ, ಆಕಾರಕ್ಕೆ ತಂದ ಲೋಹದೊಳಗೆ ಒಂದು ಬಿಗಿ ಅಡಗಿರುತ್ತದೆ. ಆ ಬಿಗಿಯಿದ್ದಲ್ಲಿ ಮಾತ್ರ ಅಮೋನಿಯಕ್ಕೆ ದಾರಿ ದೊರೆಯುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡಿನ ಮೃದುವಾದ ಕಾವನ್ನು ಕೊಟ್ಟರೆ, ಲೋಹದ ಗಟ್ಟಿತನ ಹೆಚ್ಚು ಕೆಡದೆ ಬಿಗಿ ಸಡಿಲುವುದು.

ತೋಟೆಯನ್ನು ಮತ್ತೆ ಮತ್ತೆ ತುಂಬುವವರಿಗೂ ಇದೇ ತೊಡಕು. ಹಾರಿಸಿದಾಗ ಹಿಗ್ಗಿ, ಅಚ್ಚಿನಲ್ಲಿ ಒತ್ತಿದಾಗ ಕುಗ್ಗಿ, ಕವಚದ ಕತ್ತು ಪೆಡಸಾಗಿ ಒಡೆಯುತ್ತದೆ. ಆದಕಾರಣ ಅವರು ಕತ್ತನ್ನು ಕಾಯಿಸಿ ಹದಗೊಳಿಸುತ್ತಾರೆ. ಆದರೆ ಆ ಕಾವು ಬುಡಕ್ಕೆ ತಾಗಕೂಡದು. ಮದ್ದಿನ ಒತ್ತಡವನ್ನು ತಡೆಯಲು ಬುಡವು ಗಟ್ಟಿಯಾಗಿಯೇ ಇರಬೇಕು. ಬುಡ ಮೆತ್ತಗಾದರೆ ಕೇಪು ಕೂರುವ ಗುಳಿ ಅಗಲವಾಗಿ, ಬಿಸಿ ಅನಿಲವು ಹಾರಿಸುವವನ ಮುಖದತ್ತಲೇ ನುಗ್ಗಬಹುದು. ಹೊಸ ಕೇಪು ಬಿಗಿಯಾಗಿ ಕೂರದಿದ್ದರೆ ಆ ಕವಚದ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಕೇಪಿನಿಂದಲೂ ಹಿಂದೆ ಒಂದು ಗುಪ್ತರೋಗ ಬರುತ್ತಿತ್ತು. ಹಳೆಯ ಕೇಪುಗಳಲ್ಲಿ ಪಾದರಸದಿಂದಾದ ಸಿಡಿಮದ್ದು ಇರುತ್ತಿತ್ತು. ಹಾರಿಸಿದೊಡನೆ ಆ ಪಾದರಸವು ಹಿತ್ತಾಳೆಯೊಳಗೆ ಇಳಿದು, ಹೊರಗೆ ಹೊಳಪು ಮಾಸದಿದ್ದರೂ ಒಳಗೆ ಅದನ್ನು ಪೆಡಸುಗೊಳಿಸುತ್ತಿತ್ತು. ಅದಕ್ಕೆ ಯಾವ ಕಾವೂ ಮದ್ದಲ್ಲ.

ಹೊಳಪಿಗೆ ಮರುಳಾಗಬಾರದೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಅಂಗಡಿಯಲ್ಲಿ ದೊರೆಯುವ ಹಿತ್ತಾಳೆಯ ಮೆರುಗುದ್ರವಗಳಲ್ಲಿ ಕೆಲವಕ್ಕೆ ಅಮೋನಿಯವೇ ಬೆರೆತಿರುತ್ತದೆ. ಬಲ್ಲವರು ಅದನ್ನು ತೋಟೆಗೆ ಮುಟ್ಟಿಸುವುದಿಲ್ಲ. ನಮ್ಮ ತಾಯಂದಿರ ಹುಣಿಸೆಹಣ್ಣಿನಲ್ಲಿ ಆ ಭಯವಿಲ್ಲ.

ಬಿರುಕು ಕಣ್ಣಿಗೆ ಬೀಳುವುದು ಕೊನೆಯಲ್ಲಿ. ಅದರ ಕಾರಣವು ಬಹಳ ಮೊದಲೇ ಒಳಗೆ ಸೇರಿಕೊಂಡಿರುತ್ತದೆ. ಆದಕಾರಣ ಸಂಶಯದ ಕವಚವನ್ನು ಉಳಿಸಿಕೊಳ್ಳುವುದು ಮಿತವ್ಯಯವಲ್ಲ. ಎಸೆದರೆ ಹೋಗುವುದು ನಾಲ್ಕು ಕಾಸು. ಇರಿಸಿಕೊಂಡರೆ ಹೋಗಬಹುದಾದುದು ಕಣ್ಣು.